ಚನ್ನೆಮಣೆಯನ್ನು ಮನೆಯಲ್ಲೇ ಕೊರೆಯುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ತುಳುವರ ಮಳೆಗಾಲದ ತಿಂಗಳಾದ ಆಟಿ ಹತ್ತಿರವಾಗುತ್ತಿದ್ದಂತೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಸ್ತುವಿನ ಸುತ್ತ ಇದ್ದುದರಿಂದ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ತುಳುನಾಡು ಮತ್ತು ಮಲೆನಾಡಿನಲ್ಲಿ ಚನ್ನೆಮಣೆ ಎಂದೂ ಹಳೆ ಮೈಸೂರಿನ ಕಡೆ ಅಳಗುಳಿಮಣೆ ಎಂದೂ ಕರೆಸಿಕೊಳ್ಳುವ ಆ ಮಣೆಯಲ್ಲಿ ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು 14 ಗುಳಿಗಳಿರುತ್ತವೆ. ಗುಳಿಗೆ ನಾಲ್ಕರಂತೆ 56 ಕಾಯಿಗಳನ್ನು ತುಂಬಿ, ಒಂದು ಗುಳಿಯವನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಇಬ್ಬರು ಆಡುತ್ತಾರೆ. ಆಟದ ನಿಯಮ ಊರಿಂದೂರಿಗೆ, ಕೆಲವೊಮ್ಮೆ ಮನೆಯಿಂದ ಮನೆಗೇ ಬದಲಾಗುತ್ತದೆ. ಆ ಜಗಳಕ್ಕೆ ನಾನಿಲ್ಲಿ ಕೈಹಾಕದೆ ಮಣೆಯ ಕೆಲಸವನ್ನು ಮಾತ್ರ ಹೇಳುತ್ತೇನೆ.

ಪ್ರಶ್ನೆ: ಕಳೆದ ವರ್ಷದ ಗಾಳಿಮಳೆಗೆ ನಮ್ಮ ಹಿತ್ತಲಿನ ಹಲಸಿನ ಮರವೊಂದು ಉರುಳಿತು. ಮಾರ್ಚ್ ತಿಂಗಳಲ್ಲಿ ಅದನ್ನು ಎರಡು ಇಂಚು ದಪ್ಪದ ಹಲಗೆಗಳಾಗಿ ಕೊಯ್ಯಿಸಿ ಕೊಟ್ಟಿಗೆಯಲ್ಲಿ ಇರಿಸಿದ್ದೇನೆ. ಅಮ್ಮ ಆಡುತ್ತಿದ್ದ ಚನ್ನೆಮಣೆ ಮನೆ ಹಿಸ್ಸೆಯಾದ ಕಾಲದಲ್ಲಿ ಎಲ್ಲಿ ಹೋಯಿತೋ ತಿಳಿಯದು. ದಸರಾ ರಜೆಗೆ ಬರುವ ಮೊಮ್ಮಕ್ಕಳಿಗಾಗಿ ಈ ಹಲಗೆಯಲ್ಲಿ ಒಂದು ಮಣೆ ಮಾಡಬೇಕೆಂದಿದ್ದೇನೆ. ನಮ್ಮೂರಿನ ಆಚಾರರು ಹಲಗೆ ಇನ್ನೂ ಹಸಿಯಿದೆ, ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ನನಗೆ ಉಳಿ ಹಿಡಿದು ಸ್ವಲ್ಪ ರೂಢಿಯಿದೆ. ಈಗಲೇ ಕೊರೆಯಬಹುದೇ? ಅಳತೆಯನ್ನು ಹೇಗೆ ಇಟ್ಟುಕೊಳ್ಳಬೇಕು? — ಸಾಗರದ ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ನಿಮ್ಮ ಆಚಾರರು ಹೇಳಿದ್ದು ಸರಿಯಾಗಿಯೇ ಇದೆ. ಗಾಳಿಯಲ್ಲಿ ಒಣಗುವ ಹಲಗೆಗೆ ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಮರಗೆಲಸದವರ ಹಳೆಯ ಲೆಕ್ಕ. ಆ ಲೆಕ್ಕದಲ್ಲಿ ನಿಮ್ಮ ಹಲಗೆಗೆ ಇನ್ನೂ ಒಂದೂವರೆ ವರ್ಷಕ್ಕಿಂತ ಹೆಚ್ಚು ಬೇಕು. ಅದರಲ್ಲೂ ಸಾಗರದ ಮಳೆಗಾಲದಲ್ಲಿ ಹಲಗೆ ಒಣಗುವುದಿರಲಿ, ಒಣಗಿದ್ದೂ ಮತ್ತೆ ತೇವವನ್ನು ಎಳೆದುಕೊಳ್ಳುತ್ತದೆ. ಆದರೆ ಮಣೆಯ ವಿಷಯದಲ್ಲಿ ಒಂದು ಅನುಕೂಲವಿದೆ. ಮಣೆಯೆಂದರೆ ಹದಿನಾಲ್ಕು ಕಡೆ ಟೊಳ್ಳು ಮಾಡಿದ ಹಲಗೆ; ಟೊಳ್ಳು ಮಾಡಿದ ಕಡೆ ಮರ ತೆಳ್ಳಗಾಗುವುದರಿಂದ ಅದು ಇಡಿಯ ಹಲಗೆಗಿಂತ ಬೇಗ ಒಣಗುತ್ತದೆ. ಆದ್ದರಿಂದ ಕೆಲಸವನ್ನು ಎರಡು ಕಂತಿನಲ್ಲಿ ಮಾಡಿ. ಈಗ ಒರಟಾಗಿ ಕೊರೆದು ದಸರೆಗೆ ಮಕ್ಕಳ ಮುಂದೆ ಇಡಿ, ಅವರು ಒರಟು ಮಣೆಯಲ್ಲೇ ಆಡಲಿ. ಮುಂದಿನ ಬೇಸಿಗೆಯಲ್ಲಿ ಅದೇ ಮಣೆಯನ್ನು ಸರಿಯಾದ ಅಳತೆಗೆ ತಂದು ನಯ ಮಾಡಿ.

ಮೊದಲು ಹಲಗೆಯನ್ನು ಆರಿಸಿಕೊಳ್ಳುವಾಗ ಅದರ ತುದಿಯನ್ನು ನೋಡಿ. ಮರದ ನಟ್ಟನಡುವಿನ ತಿರುಳು ಯಾವ ಹಲಗೆಯಲ್ಲಿ ಸೇರಿದೆಯೋ ಅದನ್ನು ಬಿಡಿ. ಎಷ್ಟು ಜೋಪಾನ ಮಾಡಿದರೂ ಅದು ಒಂದು ದಿನ ತಿರುಳಿನ ಗುಂಟ ಬಿರಿಯುತ್ತದೆ. ಹೊರಭಾಗದ ಬಿಳಿಯ ಮರವೂ ಬೇಡ, ಹುಳುವಿಗೆ ಮೊದಲು ಸಿಗುವುದು ಅದೇ. ಹಳದಿ ಬಣ್ಣದ ಚೇಗಿನ ಭಾಗ ಮಾತ್ರ ಸಾಕು. ಈ ಹಳದಿ ವರ್ಷಗಳು ಕಳೆದಂತೆ ಬೆಳಕಿಗೆ ಕಂದುಗಟ್ಟುತ್ತದೆ. ನಿಮ್ಮ ತಾಯಿಯವರ ಮಣೆ ಕಂದು ಬಣ್ಣದ್ದಾಗಿ ನೆನಪಿದ್ದರೆ ಅದೂ ಹಲಸೇ ಆಗಿರಬಹುದು. ಹಾಗೆಯೇ ಹಲಗೆಯ ತುದಿಯಲ್ಲಿ ಬಿಲ್ಲಿನಂತೆ ಬಾಗಿದ ಗೆರೆಗಳು ಕಾಣುತ್ತವಲ್ಲ, ಅವು ಯಾವ ಕಡೆಗೆ ಬಾಗಿವೆ ಎಂಬುದನ್ನು ಗಮನಿಸಬೇಕು. ಒಣಗುವಾಗ ಆ ಬಿಲ್ಲುಗಳು ನೇರವಾಗಲು ನೋಡುತ್ತವೆ, ಅದರಿಂದ ಹಲಗೆ ತೊಗಟೆಯ ಕಡೆಗೆ ತಗ್ಗಾಗಿ ತಿರುಳಿನ ಕಡೆಗೆ ಉಬ್ಬುತ್ತದೆ. ತಿರುಳಿನ ಕಡೆಯ ಮುಖವನ್ನು ಮೇಲೆ ಮಾಡಿ ಗುಳಿ ಕೊರೆದರೆ, ಮುಂದೆ ಹಲಗೆ ಸ್ವಲ್ಪ ಬಾಗಿದರೂ ಮಣೆ ತನ್ನ ಎರಡು ಅಂಚುಗಳ ಮೇಲೆ ಗಟ್ಟಿಯಾಗಿ ಕೂರುತ್ತದೆ. ತಿರುಗಿಸಿ ಕೊರೆದರೆ ತಳ ಉಬ್ಬಿ, ಕಾಯಿ ಎತ್ತಿದಾಗಲೆಲ್ಲ ಮಣೆ ತೊಟ್ಟಿಲಿನಂತೆ ತೂಗುತ್ತದೆ.

ಈಗಿನ ಕಂತಿಗೆ 65 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ತುಂಡನ್ನು ಕೊಯ್ದುಕೊಳ್ಳಿ. ಗುಳಿಗಳನ್ನು 50 ಮಿ.ಮೀ. ಅಗಲ, 15 ಮಿ.ಮೀ. ಆಳಕ್ಕೆ ಮಾತ್ರ ಕೊರೆಯಿರಿ. ಕೊರೆದ ದಿನವೇ ಎರಡೂ ತುದಿಗಳಿಗೆ ಕರಗಿಸಿದ ಮೇಣವನ್ನೋ ಹಳೆಯ ಎಣ್ಣೆಬಣ್ಣವನ್ನೋ ದಪ್ಪಗೆ ಬಳಿಯಬೇಕು, ಏಕೆಂದರೆ ಮರದ ನೀರು ಅತಿ ಬೇಗ ಹೊರಬೀಳುವುದು ಎಳೆಗಳ ಬಾಯಿ ತೆರೆದಿರುವ ತುದಿಗಳಿಂದ. ಅಲ್ಲಿ ಬೇಗ ಒಣಗಿ ನಡುವೆ ಹಸಿಯಾಗಿ ಉಳಿದರೆ ತುದಿ ಸೀಳುತ್ತದೆ. ಆಟವಿಲ್ಲದ ಹೊತ್ತಿನಲ್ಲಿ ಮಣೆಯನ್ನು ಎರಡು ರೀಪಿನ ತುಂಡುಗಳ ಮೇಲೆ, ಕೆಳಗೂ ಗಾಳಿಯಾಡುವಂತೆ, ಅಟ್ಟದಲ್ಲಿ ಇಡಿ. ಬಿಸಿಲು ಬೇಡ, ಫ್ಯಾನಿನ ನೇರ ಗಾಳಿಯೂ ಬೇಡ. ದೀಪಾವಳಿ ಕಳೆದ ಮೇಲೆ ಅದನ್ನು ಎರಡು ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ, ತೂಕವನ್ನು ಹಲಗೆಯ ತಳದಲ್ಲೇ ಪೆನ್ಸಿಲಿನಿಂದ ಬರೆಯುತ್ತ ಹೋಗಿ. ಮೂರು ಬಾರಿ ಒಂದೇ ತೂಕ ಬಂದರೆ ಅದು ನಿಮ್ಮ ಮನೆಯ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ. ಮಳೆಗಾಲದಲ್ಲಿ ತೂಕ ನಿಂತರೆ ಮಾತ್ರ ನಂಬಬೇಡಿ.

ಎರಡನೆಯ ಕಂತಿನ ಅಳತೆ ಹೀಗಿರಲಿ. ಮಣೆಯ ಉದ್ದ 600 ಮಿ.ಮೀ., ಅಗಲ 180, ಹತ್ತರಿ ಹೊಡೆದ ಮೇಲೆ ಉಳಿಯುವ ದಪ್ಪ 38. ಗುಳಿಯ ಬಾಯಿ 60. ಉದ್ದದಲ್ಲಿ ಮೊದಲ ಗುಳಿಯ ನಡುಬಿಂದು ತುದಿಯಿಂದ 84 ಮಿ.ಮೀ. ದೂರದಲ್ಲಿರಬೇಕು, ಅಲ್ಲಿಂದ ಮುಂದೆ 72 ಮಿ.ಮೀ.ಗೊಂದು ಬಿಂದು, ಏಳನೆಯದನ್ನು ಗುರುತಿಸಿದಾಗ ಆ ಕಡೆಯ ತುದಿಗೂ 84 ಉಳಿದರೆ ಲೆಕ್ಕ ಸರಿ. ಅಗಲದಲ್ಲಿ ಅಂಚಿನಿಂದ ಐವತ್ತೆರಡೂವರೆ ಮಿ.ಮೀ.ಗೆ ಒಂದೊಂದು ಸಾಲು, ಸಾಲುಗಳ ನಡುವಿನ ದೂರ 75. ಹೀಗೆ ಇಟ್ಟರೆ ಅಕ್ಕಪಕ್ಕದ ಗುಳಿಗಳ ನಡುವೆ 12 ಮಿ.ಮೀ., ಎದುರುಬದುರು ಗುಳಿಗಳ ನಡುವೆ 15 ಮಿ.ಮೀ. ಮರ ನಿಲ್ಲುತ್ತದೆ. ಒರಟು ಕೊರೆತದ ಹಳೆಯ ಬಿಂದುಗಳನ್ನು ನಂಬಿ ಅದರ ಸುತ್ತ ವೃತ್ತ ಎಳೆಯಬೇಡಿ. ಒಣಗುವಾಗ ಹಲಗೆ ಅಗಲದಲ್ಲಿ ಕುಗ್ಗಿರುತ್ತದೆ, ಎಲ್ಲವನ್ನೂ ಮೂಲೆಮಟ್ಟ ಹಿಡಿದು ಹೊಸದಾಗಿ ಗುರುತಿಸಿ.

ಆಳದ ವಿಷಯದಲ್ಲಿಯೇ ಹೆಚ್ಚಿನವರು ಎಡವುವುದು. ನಾನು ಮಾಡಿದ ಮೊದಲ ಮಣೆಯಲ್ಲಿ ಗುಳಿ ಆಳವಿದ್ದಷ್ಟೂ ಚೆಂದ ಎಂದುಕೊಂಡು ಉಳಿ ಹಾಕುತ್ತ ಹೋದೆ. ಐದನೆಯ ಗುಳಿಯ ತಳದಲ್ಲಿ ಹಳದಿ ಬೆಳಕು ಕಂಡಿತು, ಮರುಗಳಿಗೆಯಲ್ಲಿ ಉಳಿಯ ಮೂತಿ ನನ್ನ ಮೊಣಕಾಲಿಗೆ ತಾಗಿತು. ಆಮೇಲೆ ಒಂದು ಉಪಾಯ ಮಾಡಿಕೊಂಡೆ. ದಪ್ಪ ರಟ್ಟಿನ ಮೇಲೆ ಕೈವಾರದಿಂದ 32 ಮಿ.ಮೀ. ತ್ರಿಜ್ಯದ ವೃತ್ತ ಎಳೆದು, 60 ಮಿ.ಮೀ. ಉದ್ದದ ಗೆರೆ ಅದನ್ನು ಎಲ್ಲಿ ಕತ್ತರಿಸುತ್ತದೋ ಅಲ್ಲಿಂದ ಕೆಳಗಿನ ಸಣ್ಣ ಭಾಗವನ್ನು ಕತ್ತರಿಸಿ ತೆಗೆಯಬೇಕು. ದೋಣಿಯಂತಿರುವ ಆ ತುಂಡು 21 ಮಿ.ಮೀ. ಆಳವಿರುತ್ತದೆ. ಅದನ್ನು ಗುಳಿಯೊಳಗೆ ಇಳಿಸಿ ಸುತ್ತ ತಿರುಗಿಸಿದಾಗ ಎಲ್ಲಿ ತಗಲುತ್ತದೋ ಅಲ್ಲಿ ಕೆತ್ತಬೇಕು, ಎಲ್ಲಿಯೂ ತಗಲದೆ ಅದರ ನೇರ ಅಂಚು ಮಣೆಯ ಮೇಲ್ಮೈಗೆ ಸಮನಾದಾಗ ನಿಲ್ಲಿಸಬೇಕು. ಹದಿನಾಲ್ಕು ಗುಳಿಗೂ ಅದೊಂದೇ ಅಚ್ಚು. ತಳದಲ್ಲಿ 17 ಮಿ.ಮೀ. ಮರ ಉಳಿಯುತ್ತದೆ, ಅಷ್ಟು ಬೇಕು.

ಗುಳಿ ಬಟ್ಟಲಿನಂತಿರಬೇಕೇ ಹೊರತು ಡಬ್ಬಿಯಂತಲ್ಲ. ಆಡುವವರು ಕಾಯಿಗಳನ್ನು ಹೆಕ್ಕುವುದಿಲ್ಲ, ನಾಲ್ಕು ಬೆರಳನ್ನು ಒಂದು ಬದಿಯಿಂದ ಜಾರಿಸಿ ಇನ್ನೊಂದು ಬದಿಗೆ ಬಾಚಿ ಎತ್ತುತ್ತಾರೆ. ತಳದಲ್ಲಿ ಮೂಲೆಯಿದ್ದರೆ ಪ್ರತಿಸಲವೂ ಒಂದು ಕಾಯಿ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಅದನ್ನು ಉಗುರಿನಲ್ಲಿ ಕೀಳುವಷ್ಟರಲ್ಲಿ ಎಣಿಕೆ ತಪ್ಪುತ್ತದೆ.

ಕೆತ್ತುವಾಗ ಮೊದಲು ಬೈರಿಗೆಯಿಂದ ನಡುಬಿಂದುವಿನಲ್ಲಿ 19 ಮಿ.ಮೀ. ಆಳದ ತೂತು ಹಾಕಿ. ಬೈರಿಗೆಯ ಮೊನೆಗೆ ಬಣ್ಣದ ಟೇಪು ಸುತ್ತಿಕೊಂಡರೆ ಆಳ ತಿಳಿಯುತ್ತದೆ. ನಂತರ ದುಂಡು ಬಾಯಿಯ ಉಳಿಯನ್ನು ಅಂಚಿನಿಂದ ನಡುವಿನ ಕಡೆಗೆ, ಯಾವಾಗಲೂ ಇಳಿಜಾರಿನಲ್ಲಿ ಓಡಿಸಿ. ನಡುವಿನಿಂದ ಮೇಲಕ್ಕೆ ಕೆತ್ತಿದರೆ ಎಳೆ ಎದ್ದು ಸಿಬಿರಾಗುತ್ತದೆ. ಅಕ್ಕಪಕ್ಕದ ಗುಳಿಗಳ ನಡುವಿನ 12 ಮಿ.ಮೀ. ಗೋಡೆಯೇ ಮಣೆಯಲ್ಲಿ ಅತಿ ನಾಜೂಕಿನ ಜಾಗ, ಏಕೆಂದರೆ ಅಲ್ಲಿ ಮರದ ಎಳೆಗಳು ಅಷ್ಟೇ ಗಿಡ್ಡವಾಗಿ ತುಂಡಾಗಿರುತ್ತವೆ. ಉಳಿಯ ಬೆನ್ನನ್ನು ಆ ಗೋಡೆಗೆ ಆನಿಸಿ ಚಕ್ಕೆ ಎಬ್ಬಲು ಹೋದರೆ ಗೋಡೆಯೇ ಚಕ್ಕೆಯಾಗಿ ಬರುತ್ತದೆ. ಕೊನೆಯ ಎರಡು ಮಿ.ಮೀ.ಗೆ ಕೊಡತಿ ಮುಟ್ಟದೆ ಕೈಬಲದಿಂದಲೇ ಹೆರೆಯಿರಿ. ಆಮೇಲೆ ಹಳೆಯ ಟೆನಿಸ್ ಚೆಂಡನ್ನು ಅರ್ಧ ಕೊಯ್ದು ಅದಕ್ಕೆ ಉಪ್ಪುಕಾಗದ ಸುತ್ತಿ ಗುಳಿಯಲ್ಲಿ ತಿರುಗಿಸಿ, ಮೊದಲು 80, ನಂತರ 120, ಕೊನೆಗೆ 220ರ ಕಾಗದ.

ಪ್ರಶ್ನೆ: ಚನ್ನೆಮಣೆಗೆ ಶಾಸ್ತ್ರೋಕ್ತವಾದ ಅಳತೆ ಎಂಬುದೊಂದು ಇದೆಯೇ? — ಮೈಸೂರಿನ ಓದುಗರು

ಉತ್ತರ: ಬಳಕೆಯಲ್ಲಿರುವ ಮಣೆಗಳನ್ನು ನೋಡಿದರೆ ಅಂಥದೊಂದು ಅಳತೆಗೆ ಯಾರೂ ಕಟ್ಟುಬಿದ್ದಂತೆ ಕಾಣುವುದಿಲ್ಲ. ಒಂದೇ ದಿಮ್ಮಿಯಲ್ಲಿ ಕೊರೆದ ಭಾರದ ಮಣೆಗಳಿವೆ, ಕೀಲು ಹಾಕಿ ಪುಸ್ತಕದಂತೆ ಮಡಿಸುವವು ಇವೆ, ಮೀನಿನ ಆಕಾರದವೂ ಇವೆ. ಹಂಪಿಯ ಕಲ್ಲುಹಾಸುಗಳ ಮೇಲೆ ಕೊರೆದ ಆಟದ ಮನೆಗಳನ್ನು ನೋಡಿದವರಿಗೆ, ಆಡುವ ಮನಸ್ಸಿದ್ದವರು ಮರಕ್ಕೂ ಕಾಯಲಿಲ್ಲ ಎಂಬುದು ಗೊತ್ತಿರುತ್ತದೆ. ನೀವು ಮೈಸೂರಿನಲ್ಲೇ ಇರುವುದರಿಂದ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಏರ್ಪಡಿಸುವ ಮಣೆಯಾಟಗಳ ಪ್ರದರ್ಶನಕ್ಕೆ ಹೋದರೆ ಹಲವು ಬಗೆಯ ಮಣೆಗಳನ್ನು ಒಟ್ಟಿಗೆ ನೋಡಬಹುದು. ಮೇಲೆ ನಾನು ಕೊಟ್ಟ 60 ಮಿ.ಮೀ. ಬಾಯಿ ದೊಡ್ಡವರ ಕೈಗೂ ಹತ್ತು ವರ್ಷದ ಮಕ್ಕಳ ಕೈಗೂ ಒಗ್ಗುವಂಥದು. ನಿಮ್ಮ ಕೈ ದೊಡ್ಡದಿದ್ದರೆ ಮಣೆಯನ್ನೂ ಹಿಗ್ಗಿಸಿ.

ಪ್ರಶ್ನೆ: ನಾವು ಬೆಂಗಳೂರಿನ ಫ್ಲ್ಯಾಟಿನಲ್ಲಿ ಮೂರನೆಯ ಮಹಡಿಯಲ್ಲಿದ್ದೇವೆ. ನನ್ನಲ್ಲಿರುವುದು ಒಂದು ಡ್ರಿಲ್ ಮಷೀನ್ ಮಾತ್ರ. ಉಳಿ ಹಿಡಿದು ಗೊತ್ತಿಲ್ಲ, ಕೊಡತಿ ಹೊಡೆದರೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ. ಪ್ಲೈವುಡ್‌ನಲ್ಲಿ ಅಳಗುಳಿಮಣೆ ಮಾಡಬಹುದೇ? — ಬನಶಂಕರಿಯ ಓದುಗರು

ಉತ್ತರ: ಪ್ಲೈವುಡ್ ಬೇಡ. ಅದರಲ್ಲಿ ತೂತು ಕೊರೆದಾಗ ಗೋಡೆಯ ಸುತ್ತ ಪದರಗಳ ಅಂಚು ತೆರೆದುಕೊಂಡು, ಎಷ್ಟು ಉಜ್ಜಿದರೂ ಬೆರಳಿಗೆ ಸಿಬಿರು ಚುಚ್ಚುತ್ತದೆ; ಒಳಪದರದಲ್ಲಿ ಟೊಳ್ಳಿದ್ದರೆ ಅದೂ ಅಲ್ಲೇ ಬಾಯಿ ಬಿಡುತ್ತದೆ. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಹುಡಿ ಮುಚ್ಚಿದ ಕೋಣೆಯಲ್ಲಿ ಉಸಿರಿಗೆ ಒಳ್ಳೆಯದಲ್ಲ. ರಬ್ಬರ್ ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಹಲಗೆ ಪ್ಲೈವುಡ್ ಅಂಗಡಿಗಳಲ್ಲಿಯೇ ಸಿಗುತ್ತದೆ. ಅದು ಒಣಗಿಸಿದ ಮರವಾದ್ದರಿಂದ ಕಾಯುವ ಕೆಲಸವಿಲ್ಲ. 18 ಮಿ.ಮೀ. ದಪ್ಪದ್ದು ಒಂದು, 12 ಮಿ.ಮೀ. ದಪ್ಪದ್ದು ಒಂದು, ಎರಡನ್ನೂ 600 ಮತ್ತು 180ರ ಅಳತೆಗೆ ಅಂಗಡಿಯಲ್ಲೇ ಕೊಯ್ಯಿಸಿ ತನ್ನಿ. ಎರಡರಲ್ಲಿಯೂ ಎಳೆಗಳು ಉದ್ದಕ್ಕೇ ಓಡುವಂತೆ ನೋಡಿಕೊಳ್ಳಿ. ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಇದ್ದರೆ ಅವು ಬೇರೆ ಬೇರೆ ದಿಕ್ಕಿಗೆ ಹಿಗ್ಗಿ ಕುಗ್ಗಿ ಒಂದನ್ನೊಂದು ಕಿತ್ತುಕೊಳ್ಳುತ್ತವೆ.

18 ಮಿ.ಮೀ. ಹಲಗೆಯಲ್ಲಿ ಸಾಗರದವರಿಗೆ ಹೇಳಿದ ಬಿಂದುಗಳನ್ನೇ ಗುರುತಿಸಿ ಡ್ರಿಲ್ ಮಷೀನಿಗೆ 60 ಮಿ.ಮೀ. ಹೋಲ್ ಸಾ (ಬಟ್ಟಲಿನಂಥ ದುಂಡು ಗರಗಸ) ಹಾಕಿ ಆರಪಾರ ತೂತು ಕೊರೆಯಬೇಕು. ಹೋಲ್ ಸಾ ಮರದಲ್ಲಿ ಸಿಕ್ಕಿಕೊಂಡರೆ ಮಷೀನು ಗಕ್ಕನೆ ತಿರುಗಿ ಮಣಿಕಟ್ಟನ್ನು ಹೊರಳಿಸಿಬಿಡುತ್ತದೆ. ಹಲಗೆಯನ್ನು ಎರಡು ಕ್ಲಾಂಪಿನಿಂದ ಮೇಜಿಗೆ ಬಿಗಿಯದೆ, ಮಷೀನಿನ ಪಕ್ಕದ ಹಿಡಿಯನ್ನು ಹಾಕಿಕೊಳ್ಳದೆ ಗುಂಡಿ ಒತ್ತಬೇಡಿ. ಕಣ್ಣಿಗೆ ಕನ್ನಡಕವೂ ಬೇಕು. ನಿಧಾನದ ವೇಗದಲ್ಲಿ ಅರ್ಧ ದಪ್ಪದವರೆಗೆ ಒಂದು ಕಡೆಯಿಂದ ಕೊರೆದು, ಹಲಗೆಯನ್ನು ಮಗುಚಿ ನಡುವಿನ ಸಣ್ಣ ತೂತನ್ನೇ ದಾರಿ ಮಾಡಿಕೊಂಡು ಇನ್ನರ್ಧವನ್ನು ಆ ಕಡೆಯಿಂದ ಕೊರೆದರೆ ಅಂಚು ಕಿತ್ತು ಬರುವುದಿಲ್ಲ. ಒಂದೊಂದು ತೂತಿಗೂ ಎರಡು ಮೂರು ಸಲ ನಿಲ್ಲಿಸಿ ಹುಡಿ ಕೊಡವಿಕೊಳ್ಳಬೇಕು. ಆ ಹುಡಿಯನ್ನು ಎಸೆಯದೆ ಒಂದು ಬಟ್ಟಲಿನಲ್ಲಿ ತುಂಬಿಟ್ಟುಕೊಳ್ಳಿ.

ನಂತರ 12 ಮಿ.ಮೀ. ಹಲಗೆಗೆ ಫೆವಿಕಾಲನ್ನು ತೆಳ್ಳಗೆ ಹಚ್ಚಿ ತೂತಿನ ಹಲಗೆಯನ್ನು ಅದರ ಮೇಲೆ ಕೂರಿಸಿ, ಸುತ್ತಲೂ ಕ್ಲಾಂಪ್ ಬಿಗಿದು ಒಂದು ರಾತ್ರಿ ಬಿಡಿ. ಕ್ಲಾಂಪುಗಳು ಸಾಲದಿದ್ದರೆ ಮೇಲೊಂದು ಹಲಗೆಯಿಟ್ಟು ನೀರು ತುಂಬಿದ ಕ್ಯಾನುಗಳನ್ನು ಹೇರಿ. ಈಗ ನಿಮ್ಮ ಗುಳಿಗಳು ಡಬ್ಬಿಯಾಕಾರದಲ್ಲಿರುತ್ತವೆ, ತಳದ ಮೂಲೆಯ ತೊಂದರೆ ಇರುವುದು ಇಲ್ಲಿಯೇ. ಎತ್ತಿಟ್ಟ ಹುಡಿಯನ್ನು ಫೆವಿಕಾಲಿನಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ, ತೆಳುವಾದ ಬತ್ತಿ ಹೊಸೆದು ತಳದ ಸುತ್ತ ಇರಿಸಿ, ಊಟದ ಚಮಚದ ಬೆನ್ನಿನಿಂದ ಒತ್ತುತ್ತ ತಿರುಗಿಸಿದರೆ ಮೂಲೆ ಬಟ್ಟಲಿನಂತೆ ದುಂಡಗಾಗುತ್ತದೆ. ಒಣಗಿದಾಗ ಅದು ಕುಗ್ಗಿ ಸಣ್ಣ ಬಿರುಕು ಬಿಡುವುದು ಸಹಜ, ಮರುದಿನ ಇನ್ನೊಂದು ಕೈ ತುಂಬಿ. ಬಣ್ಣ ಸ್ವಲ್ಪ ಕಪ್ಪಾಗಿ ಕಾಣುತ್ತದೆ ನಿಜ, ಅದನ್ನು ಮುಚ್ಚಿಡುವ ಉಪಾಯ ನನಗೆ ಬೇಕೆನಿಸಿಲ್ಲ. ಗುಳಿಯ ಬಾಯಿಯ ಚೂಪನ್ನು ಉಪ್ಪುಕಾಗದದಿಂದ ಚೆನ್ನಾಗಿ ಮುರಿಯಿರಿ.

ಕೊರೆದಾಗ ಬರುವ ಹದಿನಾಲ್ಕು ಬಿಲ್ಲೆಗಳ ನಡುವೆ ಒಂದೊಂದು ತೂತು ಇದ್ದೇ ಇರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೂರು ಗಾಡಿಗೆ ಚಕ್ರವಾಗಿ ಎರಡು ಉಳಿಯುತ್ತವೆ.

ಪ್ರಶ್ನೆ: ಅತ್ತೆಯವರ ತವರಿನಿಂದ ಬಂದ ಚನ್ನೆಮಣೆಯಲ್ಲಿ ಒಂದು ಸಾಲಿನ ಗುಳಿಗಳ ತಳದ ಗುಂಟ ಉದ್ದಕ್ಕೆ ಬಿರುಕು ಬಿಟ್ಟಿದೆ. ಹಿಂದೊಮ್ಮೆ ಒಬ್ಬರು ಅದಕ್ಕೆ ಏನೋ ಗಟ್ಟಿ ಲಪ್ಪ ತುಂಬಿ ಕೊಟ್ಟಿದ್ದರು, ಎರಡು ಮಳೆಗಾಲದಲ್ಲಿ ಬಿರುಕು ಮೊದಲಿಗಿಂತ ಉದ್ದವಾಯಿತು. ಸರಿಪಡಿಸುವ ದಾರಿಯಿದೆಯೇ? — ಪುತ್ತೂರಿನ ಗೃಹಿಣಿಯೊಬ್ಬರು

ಉತ್ತರ: ಬಿರುಕು ಹೆಚ್ಚಿದ್ದು ಆ ಲಪ್ಪದಿಂದಲೇ. ಮರ ಬೇಸಿಗೆಯಲ್ಲಿ ಕುಗ್ಗಿದಾಗ ಬಾಯಿಬಿಟ್ಟ ಸೀಳು, ಮಳೆಗಾಲದಲ್ಲಿ ಮರ ಹಿಗ್ಗಿದಾಗ ತಾನಾಗಿ ಕೂಡಿಕೊಳ್ಳಬೇಕು. ಬೇಸಿಗೆಯಲ್ಲಿ ಅದರೊಳಗೆ ಗಟ್ಟಿ ವಸ್ತುವನ್ನು ತುಂಬಿದರೆ ಕೂಡಿಕೊಳ್ಳಲು ಜಾಗವಿಲ್ಲದೆ, ತುಂಬಿದ್ದೇ ಬೆಣೆಯಾಗಿ ಸೀಳನ್ನು ಎರಡೂ ತುದಿಗಳತ್ತ ಓಡಿಸುತ್ತದೆ. ಗುಳಿಗಳ ತಳದ ಗುಂಟ ಅದು ಓಡಿರುವುದೂ ಆಕಸ್ಮಿಕವಲ್ಲ. ಸಾಲಿನ ನಡುಗೆರೆಯಲ್ಲಿ ಮರ ಅತಿ ತೆಳುವಾಗಿರುತ್ತದೆ, ಎಳೆಯೂ ಅದೇ ದಿಕ್ಕಿಗೆ ಇರುತ್ತದೆ.

ಮೊದಲು ಹಳೆಯ ಲಪ್ಪವನ್ನು ಸಣ್ಣ ಚಾಕುವಿನ ಮೊನೆಯಿಂದ ತಾಳ್ಮೆಯಿಂದ ಕೆರೆದು ತೆಗೆಯಿರಿ. ಬಿರುಕು ಎಲ್ಲಿ ಕೊನೆಯಾಗಿದೆಯೋ ಅಲ್ಲಿ ಎರಡೂ ಕಡೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಈ ಮಳೆಗಾಲ ಕಳೆದು ಮುಂದಿನ ಬೇಸಿಗೆ ಮುಗಿಯುವವರೆಗೆ ಅದು ಗೆರೆ ದಾಟದಿದ್ದರೆ, ಬಿರುಕಿನೊಳಗೆ ಮದುವೆ ಕಾಗದದ ಅಂಚೂ ಹೋಗದಷ್ಟು ಸಣ್ಣದಿದ್ದರೆ, ಏನೂ ಮಾಡದೆ ಆಡಿಕೊಂಡಿರಿ. ಗೆರೆ ದಾಟಿದರೆ ಮಾತ್ರ ಬಡಗಿಯ ಕೆಲಸ ಬೇಕು. ಅವರಿಗೆ ಹೀಗೆ ಹೇಳಿ: ಮಣೆಯನ್ನು ಮಗುಚಿ, ತಳದಲ್ಲಿ ಬಿರುಕಿಗೆ ಅಡ್ಡಲಾಗಿ, ನಡು ಸಣ್ಣದಾಗಿ ಎರಡು ತುದಿ ಅಗಲವಾಗಿರುವ ಡಮರುವಿನ ಆಕಾರದ ಬೆಣೆಗಳನ್ನು ಕೂರಿಸಬೇಕು. ಬೆಣೆಯ ಎಳೆ ಬಿರುಕಿಗೆ ಅಡ್ಡವಾಗಿ ಓಡಬೇಕು, ಆಳ ಎಂಟು ಮಿ.ಮೀ. ಮೀರಬಾರದು, ಅವುಗಳ ಜಾಗ ಗುಳಿಗಳ ಅಡಿಯಲ್ಲಲ್ಲ, ಎರಡು ಗುಳಿಗಳ ನಡುವಿನ ಗೋಡೆಯ ನೇರ ಕೆಳಗೆ. ಅಲ್ಲಿ ಮರ ದಪ್ಪವಿರುತ್ತದೆ. ಕೆಲಸಕ್ಕೆ ಮುಂಚೆ ಗುಳಿಯ ಆಳವನ್ನು ಅಳೆದು ಮಣೆಯ ದಪ್ಪದಿಂದ ಕಳೆದು ತಳ ಎಷ್ಟಿದೆ ಎಂದು ನೋಡಿಸಿ. ಹಳೆಯ ಮಣೆಗಳಲ್ಲಿ ಗುಳಿಗಳು ಒಂದೇ ಆಳಕ್ಕೆ ಇರುವುದಿಲ್ಲ, ಹದಿನಾಲ್ಕನ್ನೂ ಅಳೆಯಬೇಕು. ತಳಕ್ಕೆ ಕಬ್ಬಿಣದ ಪಟ್ಟಿ ಅಡ್ಡ ಇಟ್ಟು ಸ್ಕ್ರೂ ಬಿಗಿಯುತ್ತೇನೆ ಎಂದರೆ ಒಪ್ಪಬೇಡಿ, ಪಟ್ಟಿ ಹಿಗ್ಗಲು ಬಿಡದಿದ್ದಾಗ ಹಲಗೆ ಬೇರೆ ಕಡೆ ಸೀಳುತ್ತದೆ.

ಪ್ರಶ್ನೆ: ಕಾಯಿಗಳಿಗೆ ಗುಲಗಂಜಿ ಹಾಕಬಹುದೇ? ಕೆಂಪು ಕಪ್ಪು ಬಣ್ಣ ಮಣೆಗೆ ಒಪ್ಪುತ್ತದೆ. — ಶಿರಸಿಯ ವಿದ್ಯಾರ್ಥಿನಿ

ಉತ್ತರ: ಒಪ್ಪುತ್ತದೆ, ಆದರೂ ಬೇಡ. ಗುಲಗಂಜಿಯಲ್ಲಿ ಅಬ್ರಿನ್ ಎಂಬ ಕಡುವಿಷವಿದೆ. ಸಿಪ್ಪೆ ಗಟ್ಟಿಯಿರುವವರೆಗೆ ಅದು ಒಳಗೇ ಇರುತ್ತದೆ ಎಂಬುದು ನಿಜವಾದರೂ, ಅಗಿದರೆ, ಒಡೆದರೆ ಅಥವಾ ತೂತು ಹಾಕಿದರೆ ಅಪಾಯ. ಮನೆಯಲ್ಲಿ ಮಕ್ಕಳು ಆಡುವ ವಸ್ತುವಿನಲ್ಲಿ ಆ ಸಾಹಸ ಏಕೆ? ಪೂರ್ತಿ ಕೆಂಪಾಗಿರುವ ಮಂಜೊಟ್ಟಿ ಕಾಯಿ ಕರಾವಳಿಯ ಮಣೆಗಳ ವಾಡಿಕೆಯ ಜೊತೆಗಾರ. ಅದು ಕೈಗೆ ಜಾರುತ್ತದೆ, ಮಣೆಗೆ ಬಿದ್ದಾಗ ಸಣ್ಣ ಮಳೆ ಹನಿದಂತೆ ಸದ್ದು ಮಾಡುತ್ತದೆ. ಅದನ್ನೂ ಬಾಯಿಗೆ ಹಾಕಲು ಬಿಡಬಾರದು. ಸುಲಭವಾಗಿ ಸಿಗುವುದು ಹುಣಸೆ ಬೀಜ, ತೊಳೆದು ನೆರಳಲ್ಲಿ ಒಣಗಿಸಿದರೆ ಸಾಕು. ಕವಡೆ ನೋಡಲು ಚೆಂದವೇ ಆದರೂ ನಯ ಮಾಡಿದ ಗುಳಿಗೆ ಗೀರು ಹಾಕುತ್ತದೆ. ಯಾವುದನ್ನೇ ಆರಿಸಿಕೊಂಡರೂ 56ರ ಮೇಲೆ ಹತ್ತು ಹೆಚ್ಚಿಗೆ ಇಟ್ಟುಕೊಳ್ಳಿ, ಸೋಫಾದ ಸಂದಿಗೂ ಪಾಲು ಬೇಕಾಗುತ್ತದೆ.

ಪ್ರಶ್ನೆ: ಮಣೆಗೆ ತೆಂಗಿನೆಣ್ಣೆ ಹಚ್ಚಿದೆ. ಎರಡು ತಿಂಗಳಾದರೂ ಅಂಟಂಟಾಗಿದೆ, ಕಮಟು ವಾಸನೆ ಬರುತ್ತಿದೆ. — ಕುಮಟಾದ ಓದುಗರು

ಉತ್ತರ: ತೆಂಗಿನೆಣ್ಣೆ ಎಷ್ಟು ಕಾಲವಾದರೂ ಒಣಗಿ ಪದರವಾಗುವ ಎಣ್ಣೆಯಲ್ಲ. ಬಿಸಿನೀರಿನಲ್ಲಿ ಸ್ವಲ್ಪ ಸೀಗೆಪುಡಿ ಕಲಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಮಣೆಯನ್ನು ಒರೆಸಿ; ನೀರು ಸುರಿಯಬೇಡಿ. ಒಂದು ವಾರ ಗಾಳಿಗೆ ಬಿಟ್ಟು 220ರ ಉಪ್ಪುಕಾಗದದಿಂದ ಒಮ್ಮೆ ಉಜ್ಜಿ, ಆಮೇಲೆ ಅಗಸೆ ಎಣ್ಣೆ ಹಚ್ಚಬೇಕು. ಅಗಸೆ ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗುತ್ತದೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆಯ ನಂತರ ಹೀರದೆ ಉಳಿದದ್ದನ್ನು ಒರೆಸಿ ತೆಗೆದು, ಪೂರ್ತಿ ಒಣಗಿದ ಮೇಲೆಯೇ ಮುಂದಿನ ಕೈ ಹಚ್ಚಿ. ಮೂರು ಕೈ ಸಾಕು. ಕೊನೆಯಲ್ಲಿ ಜೇನುಮೇಣವನ್ನು ಬಟ್ಟೆಗೆ ತೀಡಿಕೊಂಡು ಉಜ್ಜಿದರೆ ಹದವಾದ ಹೊಳಪು ಬರುತ್ತದೆ. ಎಚ್ಚರಿಕೆಯ ಮಾತೊಂದನ್ನು ಬಿಡುವಂತಿಲ್ಲ: ಅಗಸೆ ಎಣ್ಣೆ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ಒಳಗೊಳಗೇ ಕಾಯ್ದು, ಯಾರೂ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಲ್ಲದು. ಅಂಗಳದ ತಂತಿಯ ಮೇಲೆ ಬಿಡಿಸಿ ಹರವಿ, ಗರಿಗರಿಯಾಗಿ ಒಣಗಿದ ನಂತರ ಬಿಸಾಡಿ.

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಊರಿಗೆ ಬಂದಾಗ ಮಾಡಿಸಿಕೊಂಡು ಹೋಗುವ ಮಣೆಯ ಹಿಂಬದಿಯಲ್ಲಿ ಚೌಕಾಬಾರದ ಮನೆಯನ್ನೂ ಕೊರೆಸಬಹುದೇ? ಅಲ್ಲಿನ ಚಳಿಗೆ ಹಲಗೆ ತಡೆಯುತ್ತದೆಯೇ? — ರಜೆಯಲ್ಲಿ ಹಾಸನಕ್ಕೆ ಬಂದಿರುವ ಓದುಗರು

ಉತ್ತರ: ಚಳಿಗೆ ಹಲಗೆ ಹೆದರುವುದಿಲ್ಲ, ಚಳಿಗಾಲದಲ್ಲಿ ಮನೆಯೊಳಗೆ ಹಾಕುವ ಹೀಟರಿಗೆ ಹೆದರುತ್ತದೆ. ಆ ಗಾಳಿ ನಮ್ಮ ಏಪ್ರಿಲ್ ತಿಂಗಳಿಗಿಂತ ಒಣಗಿರಬಲ್ಲದು. ಹಾಸನದಲ್ಲಿ ಒಣಗಿದೆ ಎನಿಸಿದ ಮರ ಅಲ್ಲಿ ಇನ್ನಷ್ಟು ಕುಗ್ಗಿ ಸೀಳಬಹುದು. ಆದ್ದರಿಂದ ಹಳೆಯ ಮನೆ ಕೆಡವಿದಾಗ ಸಿಗುವ ತೊಲೆಯ ಸಾಗುವಾನಿಯನ್ನು ಕೇಳಿ ಪಡೆಯಿರಿ. ಸಾಗುವಾನಿ ಹಿಗ್ಗಿ ಕುಗ್ಗುವುದು ಕಡಿಮೆ, ತೊಲೆಯಾಗಿ ದಶಕಗಳ ಕಾಲ ಒಣಗಿಯೂ ಇರುತ್ತದೆ. ಕೊಯ್ಯಿಸುವ ಮೊದಲು ಮೊಳೆಗಳಿಗಾಗಿ ಅಯಸ್ಕಾಂತ ಆಡಿಸಿ ನೋಡಲು ಬಡಗ್ಯಣ್ಣನಿಗೆ ನೆನಪಿಸಿ. ಅಲ್ಲಿಗೆ ಮುಟ್ಟಿದ ಮೇಲೆ ಮೊದಲ ಎರಡು ತಿಂಗಳು ಮಣೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಾಯಿಯನ್ನು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ತೆರೆದಿಡುತ್ತ ಅಲ್ಲಿನ ಗಾಳಿಗೆ ಅಭ್ಯಾಸ ಮಾಡಿಸಿ. ಹೀಟರಿನ ಗಾಳಿ ಬರುವ ಜಾಲರಿಯ ಹತ್ತಿರ ಇಡಬೇಡಿ.

ಚೌಕಾಬಾರಕ್ಕೆ ಐದಕ್ಕೆ ಐದರಂತೆ 25 ಮನೆಗಳು ಬೇಕು. ಮಣೆಯ ಅಗಲ 180 ಮಿ.ಮೀ. ಇರುವುದರಿಂದ ಮನೆಯೊಂದಕ್ಕೆ 32 ಮಿ.ಮೀ. ಇಟ್ಟರೆ 160ರ ಚೌಕ ನಡುವೆ ಕೂರುತ್ತದೆ. ನಡುಮನೆಗೂ ನಾಲ್ಕು ಬದಿಗಳ ನಡುವಿನ ಮನೆಗಳಿಗೂ ಅಡ್ಡಗೆರೆಗಳ ಕಟ್ಟೆ ಗುರುತು ಬೇಕು. ಗೆರೆಗಳು ಒಂದು ಮಿ.ಮೀ.ಗಿಂತ ಆಳವಾಗದಿರಲಿ, ಏಕೆಂದರೆ ಅದೇ ಜಾಗದ ಇನ್ನೊಂದು ಬದಿಯಲ್ಲಿ ಗುಳಿಗಳಿವೆ. ತಳದ 17 ಮಿ.ಮೀ.ನಲ್ಲಿ ಅಷ್ಟು ಹೋದರೆ ಬಾಧಕವಿಲ್ಲ. ಒಂದು ತೊಡಕಿದೆ: ಗುಳಿಯ ಕಡೆಯನ್ನು ಕೆಳಗೆ ಮಾಡಿ ಆಡುವಾಗ ಮಣೆ ಅಲುಗಬಾರದು. ನಾಲ್ಕು ಮೂಲೆಗೂ ಎರಡೂ ಬದಿಯಲ್ಲಿ ನಾಲ್ಕು ಮಿ.ಮೀ. ದಪ್ಪದ ಬಿಲ್ಲೆಗಳನ್ನು ಕಾಲಾಗಿ ಅಂಟಿಸಿದರೆ ಅದು ಬಗೆಹರಿಯುತ್ತದೆ, ತುದಿಯಿಂದ ಮೊದಲ ಗುಳಿಯವರೆಗೆ 54 ಮಿ.ಮೀ. ಜಾಗ ಇದ್ದೇ ಇದೆ. ಕಾಯಿಗಳನ್ನು ಮಾತ್ರ ಇಲ್ಲಿಂದ ಒಯ್ಯಬೇಡಿ. ಬೀಜಗಳನ್ನು ಅಲ್ಲಿನ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು, ಪ್ರಮಾಣಪತ್ರವಿಲ್ಲದಿದ್ದರೆ ಕೃಷಿ ತಪಾಸಣೆಯವರು ತೆಗೆದಿಟ್ಟುಕೊಳ್ಳಬಹುದು. ನ್ಯೂಜೆರ್ಸಿಯ ಭಾರತೀಯ ಅಂಗಡಿಯಲ್ಲಿ ರಾಜ್ಮಾ ಸಿಗುತ್ತದೆ, 66 ಕಾಳು ಎಣಿಸಿಟ್ಟುಕೊಳ್ಳಿ. ಚೌಕಾಬಾರಕ್ಕೆ ಬೇಕಾದ ನಾಲ್ಕು ಕವಡೆಗಳನ್ನು ಹಾಸನದ ಪೂಜಾ ಸಾಮಗ್ರಿಯ ಅಂಗಡಿಯಲ್ಲಿ ಕೊಳ್ಳುವಾಗ ನೆಲದ ಮೇಲೆ ಎಸೆದು ನೋಡಿ. ಬೆನ್ನು ತೀರ ಉಬ್ಬಿದ ಕವಡೆ ಒಂದೇ ಮಗ್ಗುಲಿಗೆ ಬೀಳುತ್ತಿರುತ್ತದೆ.